ಸೋಡಾ ಕುಡೀರಿ ಅಂತ ಒತ್ತಾಯ ಮಾಡಬೇಡಿ

ಮದುವೆ ಊಟ ಮುಗಿಸಿ ಹೊರಗೆ ಬಂದಿದ್ದೀರಿ. ತುಪ್ಪ ಸುರಿದ ಹೋಳಿಗೆ, ಬದನೆಕಾಯಿ ಎಣಗಾಯಿ, ಕಟ್ಟಿನ ಸಾರು, ಮೇಲೆ ಎರಡು ಸಲ ಅನ್ನ. ಹೊಟ್ಟೆ ಬಿರಿಯುವ ಹಾಗಾಗಿದೆ. ಕಲ್ಯಾಣ ಮಂಟಪದ ಗೇಟಿನಲ್ಲೇ ಗೋಲಿ ಸೋಡಾದವನು ನಿಂತಿದ್ದಾನೆ. 'ಟಪ್' ಎಂದು ಗೋಲಿ ಒಳಗೆ ಬಿದ್ದ ಸದ್ದು ಕೇಳಿದರೆ ಸಾಕು, ಕಾಲು ತಾನಾಗಿಯೇ ಅತ್ತ ಹೊರಳುತ್ತದೆ. ಲಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಒಂದು ಗ್ಲಾಸ್ ಏರಿಸಿದರೆ ದೊಡ್ಡದೊಂದು ತೇಗು. 'ಹಾಂ, ಈಗ ಹಗರ ಆತು ನೋಡ್ರಿ!'

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಸೋಡಾ ಎಂದರೆ ಬರೀ ಬಾಯಾರಿಕೆಗೆ ಅಲ್ಲ, ಅದು ಮನೆಮದ್ದೂ ಹೌದು. ಊಟ ಅರಗಲಿಲ್ಲವೇ? ಸೋಡಾ. ಹೊಟ್ಟೆ ಉಬ್ಬರವೇ? ಸೋಡಾ. ದುರ್ಗದಬೈಲಿನಲ್ಲಿ ಗಿರ್ಮಿಟ್, ಮಿರ್ಚಿ ತಿಂದು ಬಾಯಿ ಉರಿಯಿತೇ? ಅದಕ್ಕೂ ಸೋಡಾ. ಬಿಸಿಲಲ್ಲಿ ಬಂದ ಬೀಗರ ಕೈಗೆ ತಣ್ಣಗಿನ ಬಾಟಲಿ ಕೊಡದಿದ್ದರೆ ನಮಗೇ ಸಮಾಧಾನವಿಲ್ಲ. ಬೇಡ ಅಂದವರಿಗೂ 'ಒಂದೀಟು ಕುಡೀರಿ, ಏನಾಗೂದಿಲ್ಲ' ಎಂದು ಕೈಗೆ ತುರುಕುತ್ತೇವೆ. ಅದು ನಮ್ಮ ಪ್ರೀತಿಯ ರೀತಿ.

ಅದೇ ಪ್ರೀತಿಯಿಂದ ನಾನು ನಮ್ಮ ವೈನಿಗೆ ಮಾಡಿದ ತಪ್ಪನ್ನು ಇವತ್ತು ನಿಮಗೆ ಹೇಳಬೇಕು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. 'ಬರಿ. ಇನ್ನೊಬ್ಬಾಕಿಗೆ ಹಂಗಾಗೂದು ತಪ್ಪಿದ್ರ ಸಾಕು' ಅಂದಿದ್ದಾರೆ.

ಅರ್ಧ ಗ್ಲಾಸ್ ಸೋಡಾದ ಕಥೆ

ವೈನಿ ಎಂದರೆ ನಮ್ಮ ಅಣ್ಣನ ಹೆಂಡತಿ. ಎರಡು ಹೆರಿಗೆಯ ನಂತರ ಏರುತ್ತಲೇ ಹೋದ ತೂಕ 112 ಕಿಲೋ ಮುಟ್ಟಿತ್ತು. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ರಾತ್ರಿ ಉಸಿರು ಕಟ್ಟಿ ಎಚ್ಚರವಾಗುವುದು. ವಾಕಿಂಗ್, ಪಥ್ಯ, ಮಾತ್ರೆ ಎಲ್ಲ ಆದ ಮೇಲೆ ವೈದ್ಯರು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಸೂಚಿಸಿದರು. ನಾಲ್ಕು ವರ್ಷದ ಹಿಂದೆ ಆಪರೇಷನ್ ಆಯಿತು. ಸೋಡಾ, ಕೋಲಾ ಯಾವುದೂ ಬೇಡ ಎಂದು ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಬರೆದೇ ಇತ್ತು.

ಆಪರೇಷನ್ ಆಗಿ ಎರಡೂವರೆ ತಿಂಗಳಿಗೆ ವಿದ್ಯಾನಗರದಲ್ಲಿ ನಮ್ಮ ಬಳಗದ ಮದುವೆ. ವೈನಿ ಎಲೆಯ ಮೇಲೆ ಎರಡು ಚಮಚ ತಿಂದು ಎದ್ದರು. ನನಗೆ ಕರುಳು ಚುರ್ ಎಂದಿತು. ಗೇಟಿನ ಹತ್ತಿರ ಒಂದು ಲಿಂಬು ಸೋಡಾ ಮಾಡಿಸಿಕೊಂಡು ಬಂದು ಅವರ ಮುಂದೆ ಹಿಡಿದೆ.

'ಬ್ಯಾಡವಾ, ಡಾಕ್ಟರು ಬ್ಯಾಡ ಅಂದಾರ.'

'ಅದು ಸಕ್ಕರಿ ಇರೋ ಡ್ರಿಂಕ್ಸಿಗೆ ಹೇಳಿರ್ತಾರ ವೈನಿ. ಇದ್ರಾಗ ಏನದ, ಬರೇ ನೀರು. ಸಕ್ಕರಿನೂ ಹಾಕಿಸಿಲ್ಲ. ಕುಡೀರಿ, ಹಗರ ಆಗ್ತದ.'

ನನ್ನ ಮನಸ್ಸು ನೋಯಿಸಬಾರದೆಂದು ಅವರು ಅರ್ಧ ಗ್ಲಾಸ್ ಕುಡಿದರು. ಎರಡು ನಿಮಿಷವೂ ಆಗಿರಲಿಲ್ಲ, ಮುಖ ಬಿಳುಚಿಕೊಂಡಿತು. ಎದೆ ಒತ್ತಿ ಹಿಡಿದು ಕಂಬಕ್ಕೆ ಆತುಕೊಂಡರು. 'ತೇಗು ಬರವಲ್ತು. ಎದಿಯಾಗ ಬಲೂನು ಊದಿದಂಗ ಆಗ್ಯದ' ಅಂದರು. ಅಷ್ಟರಲ್ಲಿ ಯಾರೋ ಒಬ್ಬರು ಇನ್ನೊಂದು ಸೋಡಾ ತರಲು ಓಡಿದರು! ಅಣ್ಣ ಆಸ್ಪತ್ರೆಗೆ ಫೋನ್ ಮಾಡಿದ. ನೇರವಾಗಿ ಕೂಡಿಸಿ, ಬಾಯಿಗೆ ಬೇರೇನೂ ಕೊಡಬೇಡಿ, ನೋವು ಇಳಿಯದಿದ್ದರೆ ಕೂಡಲೇ ಕರೆತನ್ನಿ ಎಂದರು. ಮುಕ್ಕಾಲು ಗಂಟೆಯ ನಂತರ ನೋವು ಇಳಿಯಿತು. ಆ ಮುಕ್ಕಾಲು ಗಂಟೆ ನಾನು ಬೇಡಿಕೊಳ್ಳದ ದೇವರಿಲ್ಲ.

ಒಳಗೆ ಆಗಿದ್ದೇನು?

ಮೊದಲು ಈ ಆಪರೇಷನ್ ಏನೆಂದು ತಿಳಿಯೋಣ. ಇದು ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಅಲ್ಲ. ಇಲ್ಲಿ ಜಠರದ ಆಕಾರವನ್ನೇ ಬದಲಿಸುತ್ತಾರೆ. ಇದಕ್ಕೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ್ ಜೇಟ್ಲಿಯವರು 2014ರಲ್ಲಿ ಮಾಡಿಸಿಕೊಂಡಾಗ ಇದು ದೇಶದ ಸುದ್ದಿಯಾಗಿತ್ತು. ಈಗ ನಮ್ಮ ನಿಮ್ಮಂಥ ಮನೆಗಳಿಗೂ ಬಂದಿದೆ. ಬಾರದೇ ಏನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಅತಿತೂಕ ಇಲ್ಲವೇ ಬೊಜ್ಜು ಇದೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಮಾಡುವುದು ಎರಡು ವಿಧ. ಮೊದಲನೆಯದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಉದ್ದನೆಯ ಕೊಳವೆಯಷ್ಟನ್ನು ಉಳಿಸುತ್ತಾರೆ. ಅದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿಲಿ. ಎರಡನೆಯದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ನಮ್ಮ ನಿಮ್ಮ ಜಠರವಾದರೆ ಊಟವಾದ ಮೇಲೆ ಒಂದು, ಒಂದೂವರೆ ಲೀಟರಿನವರೆಗೂ ಹಿಗ್ಗುತ್ತದೆ.

ಈಗ ಸೋಡಾ ಕಡೆ ಬನ್ನಿ. ಗೋಲಿ ಸೋಡಾ ಬಾಟಲಿಯನ್ನು ನೋಡಿದ್ದೀರಲ್ಲ? ಇಂಗ್ಲೆಂಡಿನ ಹಿರಾಮ್ ಕಾಡ್ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಅದಕ್ಕೆ ಮುಚ್ಚಳವಿಲ್ಲ, ಬೂಚಿಲ್ಲ. ಗೋಲಿಯನ್ನು ಕುತ್ತಿಗೆಗೆ ಬಿಗಿಯಾಗಿ ಒತ್ತಿ ಹಿಡಿದಿರುವುದು ಒಳಗಿನ ಗ್ಯಾಸು. ತೆಗೆಯಲು ಹೆಬ್ಬೆರಳಿನ ಬಲವೆಲ್ಲ ಹಾಕಬೇಕು. ಆ ಗ್ಯಾಸಿನ ಶಕ್ತಿ ಎಷ್ಟು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕಂಪನಿ ಬಾಟಲಿಯ ತಂಪು ಪಾನೀಯಗಳಲ್ಲಿ ಸಾಮಾನ್ಯವಾಗಿ ಪಾನೀಯದ ಮೂರು-ನಾಲ್ಕು ಪಟ್ಟು ಗಾತ್ರದ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಅಂದರೆ 200 ಮಿಲಿ ಬಾಟಲಿಯಲ್ಲಿ 600ರಿಂದ 800 ಮಿಲಿ ಗ್ಯಾಸು! ಗ್ಲಾಸಿಗೆ ಸುರಿಯುವಾಗ ಸ್ವಲ್ಪ ಹೋಗುತ್ತದೆ, ಬಾಯಿಂದ ಸ್ವಲ್ಪ ಹೋಗುತ್ತದೆ. ಉಳಿದದ್ದು ಹೊಟ್ಟೆಯೊಳಗೆ ಬೆಚ್ಚಗಾಗಿ ಬಿಡುಗಡೆಯಾಗುತ್ತದೆ. 100 ಮಿಲಿಯ ಕೊಳವೆಯಲ್ಲಿ ಅದು ಎಲ್ಲಿಗೆ ಹೋಗಬೇಕು ಹೇಳಿ?

ಇನ್ನೊಂದು ಸಂಗತಿ ಇದೆ. ಜಠರದ ಮೇಲ್ಭಾಗದ ಗುಮ್ಮಟದಂಥ ಜಾಗ ಸುಲಭವಾಗಿ ಹಿಗ್ಗುತ್ತದೆ. ನುಂಗಿದ ಗಾಳಿ, ಗ್ಯಾಸು ಸೇರುವುದು ಅಲ್ಲೇ. ಅಲ್ಲಿಂದಲೇ ತೇಗಾಗಿ ಹೊರಬೀಳುತ್ತದೆ. ಸ್ಲೀವ್ ಆಪರೇಷನ್ನಿನಲ್ಲಿ ತೆಗೆದುಬಿಡುವುದು ಈ ಹಿಗ್ಗುವ ಭಾಗವನ್ನೇ. ಉಳಿದದ್ದು ಬಿಗಿಯಾದ ಕೊಳವೆ, ಅದರ ಕೆಳತುದಿಯ ಬಾಗಿಲೂ ಹಾಗೇ ಇರುತ್ತದೆ. ಆದ್ದರಿಂದ ಗ್ಯಾಸು ಒಳಗೇ ಒತ್ತುತ್ತದೆ, ಇಲ್ಲವೇ ಹುಳಿಯನ್ನು ಹೊತ್ತುಕೊಂಡು ಮೇಲಕ್ಕೆ ನುಗ್ಗಿ ಎದೆಯುರಿ ತರುತ್ತದೆ. ನಮಗೆ 'ಹಗರ' ಮಾಡುವ ಸೋಡಾ ವೈನಿಗೆ ಭಾರವಾಗಿದ್ದು ಇದಕ್ಕೇ.

ಹಾಗಾದರೆ ಸೋಡಾ ಕುಡಿದರೆ ಹೊಟ್ಟೆ ಹಿಗ್ಗಿ ಮತ್ತೆ ಮೊದಲಿನಷ್ಟಾಗುತ್ತದೆಯೇ? ಬಹಳ ಜನ ಹಾಗೆ ಹೆದರಿಸುತ್ತಾರೆ. ಆ ಮಾತಿಗೆ ಗಟ್ಟಿ ಪುರಾವೆ ಕಡಿಮೆ. ಆದರೆ ನೋವು, ಉಬ್ಬರ, ಎದೆಯುರಿ ಖಂಡಿತ. ಮೊದಲ ವಾರಗಳಲ್ಲಂತೂ ಹೊಲಿಗೆ ಇನ್ನೂ ಹಸಿಯಾಗಿರುವುದರಿಂದ ಒಳಗಿನ ಒತ್ತಡ ಸುತರಾಂ ಬೇಡ.

ಸಕ್ಕರೆಯ ಆಟ

ಗ್ಯಾಸಿನ ಮಾತಾಯಿತು. ಸಿಹಿ ಡ್ರಿಂಕ್ಸಿನಲ್ಲಿ ಇನ್ನೊಂದು ತೊಂದರೆ ಇದೆ. ಕೋಲಾದಂಥ ಪಾನೀಯದಲ್ಲಿ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ. 250 ಮಿಲಿ ಕುಡಿದರೆ ಸುಮಾರು 25 ಗ್ರಾಂ, ಅಂದರೆ ಐದಾರು ಚಹದ ಚಮಚ. ಊಟಕ್ಕೆ ಮೇಲಿಂದ ಸೇರುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಒಂದೇ ಬಾಟಲಿಯಲ್ಲಿ ಅಷ್ಟೂ ಮುಗಿಯಿತು!

ಬೈಪಾಸ್ ಆದವರಿಗೆ ಇದು ಬೇಗ ಗೊತ್ತಾಗುತ್ತದೆ. ಸಕ್ಕರೆ ನೀರು ಚೀಲದಲ್ಲಿ ನಿಲ್ಲದೆ ಸೀದಾ ಕರುಳಿಗೆ ಇಳಿಯುತ್ತದೆ. ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ಹಿಂಡುವುದು, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕೈ ನಡುಗಿ ತಲೆ ತಿರುಗುತ್ತದೆ. ಸ್ಲೀವ್ ಆದವರಿಗೂ ಇದು ಆಗಬಹುದು, ಆದರೆ ಕಡಿಮೆ.

'ಹಂಗಾರ ಡಯಟ್ ಕೋಲಾ ಕುಡೀಲೇನ್ರಿ?' ಎಂದು ಕೇಳುವವರಿದ್ದಾರೆ. ಸಕ್ಕರೆ ಇಲ್ಲ, ನಿಜ. ಗ್ಯಾಸು ಅಷ್ಟೇ ಇದೆಯಲ್ಲ! 'ಗ್ಯಾಸ್ ಬಿಟ್ಟ ಮ್ಯಾಲೆ ಕುಡದ್ರ?' ಗ್ಯಾಸು ಹೋಯಿತು, ಸಕ್ಕರೆ ಉಳಿಯಿತಲ್ಲ!

ಇನ್ನೊಂದು ಮಾತು ನಾವು ಗೃಹಿಣಿಯರು ಮರೆಯುವಂಥದ್ದು. ಹೊಟ್ಟೆಯುಬ್ಬರಕ್ಕೆ ನೀರಿಗೆ ಹಾಕಿ 'ಬುಸ್' ಎನ್ನಿಸಿ ಕುಡಿಯುವ ಇನೋದಂಥ ಪುಡಿ, ನೊರೆ ಬರುವ ಮಾತ್ರೆ, ಇವೂ ಸೋಡಾದ ಬಳಗವೇ. ಅಲ್ಲಿ ಏಳುವ ಗುಳ್ಳೆಯೂ ಅದೇ ಗ್ಯಾಸು. ಆಪರೇಷನ್ ಆದವರಿಗೆ ಅವನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಬಾಟಲಿ ಸಿಕ್ಕಿದ್ದೆಲ್ಲಿ?

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಒಂದು ವರ್ಷದಲ್ಲಿ ವೈನಿ 76 ಕಿಲೋಗೆ ಇಳಿದರು. ಸಕ್ಕರೆ ಮಾತ್ರೆ ಕಡಿಮೆಯಾಯಿತು, ಉಣಕಲ್ ಕೆರೆ ದಂಡೆಯ ಮೇಲೆ ಸರಾಗವಾಗಿ ನಡೆಯತೊಡಗಿದರು. ಎರಡನೆಯ ವರ್ಷದ ಕೊನೆಗೆ ಒಂಬತ್ತು ಕಿಲೋ ವಾಪಸ್ ಬಂತು. ಊಟ ನೋಡಿದರೆ ಹಕ್ಕಿಯಷ್ಟು. 'ಆಪರೇಷನ್ ಫೇಲ್ ಆತು, ರೊಕ್ಕ ನೀರಾಗ ಹೋತು' ಎಂದು ಮನೆಯಲ್ಲಿ ಗುಸುಗುಸು. ಆಹಾರ ತಜ್ಞೆ ಮಾತ್ರ ಬೇರೆ ಪ್ರಶ್ನೆ ಕೇಳಿದರು: 'ಏನು ತಿಂತೀರಿ ಅದು ಇರಲಿ, ಏನು ಕುಡೀತೀರಿ?'

ವೈನಿ ಅಲ್ಲಿ ಬಾಯಿ ಬಿಡಲಿಲ್ಲ. ಮುಂದೆ ನವರಾತ್ರಿಗೆ ಮನೆ ಸ್ವಚ್ಛ ಮಾಡುವಾಗ ಅಡುಗೆಮನೆಯ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳ ಹಿಂದೆ ನನಗೆ ಹನ್ನೊಂದು ಖಾಲಿ ಬಾಟಲಿ ಸಿಕ್ಕವು. ಎಲ್ಲವೂ ತಂಪು ಪಾನೀಯದವು. ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಸಣ್ಣ ಸಣ್ಣ ಗುಟುಕಾಗಿ ಕುಡಿದರೆ ಅವರಿಗೆ ಮೊದಲಿನಂತೆ ನೋವಾಗುತ್ತಿರಲಿಲ್ಲ. ದಿನವಿಡೀ ಗುಟುಕರಿಸುತ್ತಿದ್ದರು. ದ್ರವ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹೊಟ್ಟೆ ತುಂಬಿತು ಅನ್ನಿಸುವುದಿಲ್ಲ, ಕ್ಯಾಲೊರಿ ಮಾತ್ರ ಒಳಗೆ ಸೇರುತ್ತದೆ. ಆಪರೇಷನ್ ಆದವರ ತೂಕ ಮತ್ತೆ ಏರುವುದಕ್ಕೆ ಇರುವ ದಾರಿಗಳಲ್ಲಿ ಈ ಸಿಹಿ ಗುಟುಕೂ ಒಂದು.

ನಾನು ಬೈಯಬೇಕೆಂದೇ ಕೆಳಗಿಳಿದೆ. ವೈನಿ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

'ಎಲ್ಲಿ ಹೋದ್ರೂ ನನ್ನ ತಾಟ ನೋಡ್ತಾರ. ಇಷ್ಟ ತಿಂತೀ? ಯಾಕ? ಏನಾಗ್ಯದ? ಕೈಯಾಗ ಒಂದು ಗ್ಲಾಸ್ ಡ್ರಿಂಕ್ಸ್ ಇದ್ರ ಯಾರೂ ಏನೂ ಕೇಳಂಗಿಲ್ಲ. ನಿಮ್ಮೆಲ್ಲಾರ ಜೋಡಿ ಕೂತು ಮಾಡಬಹುದಾದ್ದು ಅದೊಂದ ಉಳದಿತ್ತು ನನಗ. ಆಮ್ಯಾಲೆ ಅದ ಚಟ ಆತು.'

ಓದುಗ ಗೆಳತಿಯರೇ, ನನ್ನ ಬೈಗುಳ ಬಾಯಲ್ಲೇ ಉಳಿಯಿತು. ನಮ್ಮ ಮನೆಗಳಲ್ಲಿ ಅಕ್ಕರೆ ಎಂದರೆ ಬಡಿಸುವುದು, ಒಗ್ಗಟ್ಟೆಂದರೆ ಕೂಡಿ ಉಣ್ಣುವುದು. ಉಣ್ಣಲಾಗದವಳು ಪಂಕ್ತಿಯ ಹೊರಗೆ ಉಳಿದುಬಿಡುತ್ತಾಳೆ. ಸೋಡಾ ಬೇಡ ಎನ್ನುವುದು ಡಾಕ್ಟರ ಕೆಲಸ. ಸೋಡಾದ ಜಾಗದಲ್ಲಿ ಅವಳ ಕೈಗೆ ಏನು ಕೊಡಬೇಕು ಎನ್ನುವುದು ಮನೆಯವರ ಕೆಲಸ.

ಕೈಗೆ ಬೇರೆ ಗ್ಲಾಸ್ ಕೊಡಿ

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಯಾವ ಸಮಾರಂಭಕ್ಕೆ ಹೋದರೂ ನನ್ನ ಚೀಲದಲ್ಲಿ ಒಂದು ಸಣ್ಣ ಥರ್ಮಾಸ್ ಇರುತ್ತದೆ. ಅದರಲ್ಲಿ ತಿಳಿ ಮಜ್ಜಿಗೆ: ಕೆನೆ ತೆಗೆದ ಮೊಸರು ಕಡೆದು, ಜೀರಿಗೆ ಪುಡಿ, ಚೂರು ಶುಂಠಿ ರಸ, ಉಪ್ಪು ಹಾಕಿ ಸೋಸಿದ್ದು. ಎಲ್ಲರೂ ಸೋಡಾ ಹಿಡಿದು ನಿಂತಾಗ ವೈನಿಯ ಕೈಯಲ್ಲೂ ಗ್ಲಾಸ್ ಇರುತ್ತದೆ. ಈಗ ನಮ್ಮ ಅಣ್ಣನೂ ಮಜ್ಜಿಗೆಗೇ ಇಳಿದಿದ್ದಾನೆ!

ಆಪರೇಷನ್ನಿನ ಯಾವ ಹಂತದಲ್ಲಿದ್ದಾರೆ ಎಂಬುದನ್ನು ನೋಡಿ, ಅವರ ವೈದ್ಯರನ್ನು ಕೇಳಿ ನೀವೂ ಇವನ್ನು ಕೊಡಬಹುದು:

• ಹೆಸರುಬೇಳೆ ಇಲ್ಲವೇ ತೊಗರಿಬೇಳೆ ಬೇಯಿಸಿ ಬಸಿದ ತಿಳಿ ಕಟ್ಟು, ಖಾರ-ಮಸಾಲೆ ಇಲ್ಲದೆ.

• ಜೀರಿಗೆ ಕುದಿಸಿ ಆರಿಸಿದ ನೀರು. ಜೀರಾ ಸೋಡಾದ ರುಚಿಯ ಚಪಲಕ್ಕೆ ಇದು ಒಳ್ಳೆಯ ಉತ್ತರ.

• ಸಕ್ಕರೆ ಹಾಕದ ತೆಳ್ಳನೆಯ ಲಿಂಬೆ ನೀರು. ಎದೆಯುರಿ ಇದ್ದವರಿಗೆ ಬೇಡ.

• ಕೆನೆ ತೆಗೆದ ಹಾಲು. ಇದರಲ್ಲಿ ಪ್ರೋಟೀನೂ ಸಿಗುತ್ತದೆ. ಹಾಲು ಒಗ್ಗದವರಿಗೆ ಮಜ್ಜಿಗೆಯೇ ವಾಸಿ.

• ಎಲ್ಲಕ್ಕಿಂತ ಮೊದಲು, ಬರೀ ನೀರು. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ, ಗುಟುಕು ಗುಟುಕಾಗಿ.

ಇವನ್ನು ನೆನಪಿಡಿ

• ಊಟದ ಜೊತೆ ಏನೂ ಕುಡಿಯಬಾರದು. ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಲಿ. ಗಟಗಟ ಬೇಡ.

• ಸ್ಟ್ರಾ ಹಾಕಿ ಕುಡಿದರೆ ಗಾಳಿಯೂ ಒಳಗೆ ಹೋಗುತ್ತದೆ. ಗ್ಲಾಸೇ ಒಳ್ಳೆಯದು.

• ಸೋಡಾ ಎಷ್ಟು ಕಾಲ ಬೇಡ? ಬಹಳಷ್ಟು ವೈದ್ಯರು ಜೀವನಪೂರ್ತಿ ದೂರವಿಡಿ ಎನ್ನುತ್ತಾರೆ. ಕೆಲವರು ಹಲವು ತಿಂಗಳ ನಂತರ ಅಪರೂಪಕ್ಕೊಂದು ಗುಟುಕಿಗೆ ಒಪ್ಪುತ್ತಾರೆ. ನಿಮ್ಮವರಿಗೆ ಆಪರೇಷನ್ ಮಾಡಿದ ವೈದ್ಯರ ಮಾತೇ ಕೊನೆ. ಪಕ್ಕದ ಮನೆಯವರ ಮಾತಲ್ಲ, ನನ್ನ ಮಾತೂ ಅಲ್ಲ.

• ತಪ್ಪಿ ಕುಡಿದರೆ ಗಾಬರಿ ಬೇಡ. ಅಲ್ಲಿಗೇ ನಿಲ್ಲಿಸಿ, ನೇರ ಕೂಡಿಸಿ, ಆದರೆ ನಿಧಾನ ಅಡ್ಡಾಡಿಸಿ. ಮಲಗಿಸಬೇಡಿ. ನೋವು ಹೆಚ್ಚುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಎದೆಬಡಿತ ಜೋರಾದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೊದಲ ವಾರಗಳಲ್ಲಿ ಇನ್ನೂ ಎಚ್ಚರ.

• ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬಾರದು. ಹೊಟ್ಟೆ ಸಣ್ಣದಾದ ಮೇಲೆ ಊಟದಿಂದಲೇ ಅಷ್ಟೂ ಸಿಗುವುದಿಲ್ಲ.

• ತೂಕ ಸ್ವಲ್ಪ ವಾಪಸ್ ಬಂದರೆ ಹಂಗಿಸಬೇಡಿ. ಹಂಗಿಸಿದರೆ ಬಾಟಲಿ ಅಟ್ಟಕ್ಕೆ ಏರುತ್ತದೆ, ಅಷ್ಟೇ.

ವೈನಿ ಈಗ 79 ಕಿಲೋ ಇದ್ದಾರೆ. ಮೊನ್ನೆ ಧಾರವಾಡದಲ್ಲಿ ಇನ್ನೊಂದು ಮದುವೆ. ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ಟ್ರೇ ಹಿಡಿದು ಬಂದು, 'ತಗೊಳವಾ, ಒಂದೀಟು ಸೋಡಾ ಕುಡಿ' ಎಂದರು. ವೈನಿ ನಗುತ್ತಾ, 'ನಂದು ಹೊಟ್ಟಿ ಆಪರೇಷನ್ ಆಗ್ಯದ ಅಜ್ಜಿ, ಸೋಡಾ ನಡ್ಯಂಗಿಲ್ಲ. ನಂದ ಮಜ್ಜಿಗಿ ಅದ ನೋಡ್ರಿ' ಎಂದು ಗ್ಲಾಸ್ ತೋರಿಸಿದರು. ಅಜ್ಜಿ ಟ್ರೇ ಪಕ್ಕಕ್ಕಿಟ್ಟು, 'ಹಂಗಾರ ನನಗೂ ಒಂದು ಗುಟುಕು ಹಾಕವಾ, ನನಗೂ ಸೋಡಾ ಆಗಿಬರಂಗಿಲ್ಲ, ಯಾರಿಗೂ ಹೇಳಿಲ್ಲ ಅಷ್ಟ!' ಅನ್ನಬೇಕೇ!

ಈ ಸಲದ ಮದುವೆ ಸೀಸನ್ನಿನಲ್ಲಿ ಯಾರಾದರೂ 'ಬೇಡ' ಎಂದರೆ ಒಂದೇ ಸಲಕ್ಕೆ ಒಪ್ಪಿಕೊಂಡುಬಿಡೋಣ. ಸೋಡಾ ಟ್ರೇಯ ಪಕ್ಕದಲ್ಲಿ ನಾಲ್ಕು ಗ್ಲಾಸ್ ಮಜ್ಜಿಗೆ ಇಡೋಣ. ಏನಂತೀರಿ?